ಪಿಎಸ್5, ಎಕ್ಸ್‌ಬಾಕ್ಸ್‌ಗಳಿಗೆ ಹೊಂದುವ ವಿಆರ್‌ಆರ್ ಪರದೆ: ಆಯ್ಕೆ ಮತ್ತು ಜೋಡಣೆ

60 ಹರ್ಟ್ಜ್ ಪರದೆಯು ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರವನ್ನು ತೋರಿಸಲು ಸಿದ್ಧವಾಗುತ್ತದೆ. ಕನ್ಸೋಲ್, ಅಂದರೆ ಪಿಎಸ್5 ಅಥವಾ ಎಕ್ಸ್‌ಬಾಕ್ಸ್‌ನಂಥ ಆಟದ ಯಂತ್ರ, ಆ ಹೊತ್ತಿಗೆ ಮುಂದಿನ ಚಿತ್ರವನ್ನು (ಫ್ರೇಮನ್ನು) ಮುಗಿಸಿರದಿದ್ದರೆ ಎರಡರಲ್ಲೊಂದು ತೊಂದರೆ ತಪ್ಪದು: ಹಳೆಯ ಫ್ರೇಮೇ ಮತ್ತೊಮ್ಮೆ ಮೂಡಿ ಆಟ ತಡವರಿಸುತ್ತದೆ, ಇಲ್ಲವೇ ಅರ್ಧ ಹಳೆಯದು ಅರ್ಧ ಹೊಸದು ಸೇರಿ ಚಿತ್ರ ಹರಿದಂತೆ ಕಾಣುತ್ತದೆ. ಆಟದಲ್ಲಿ ಕ್ಯಾಮೆರಾವನ್ನು ವೇಗವಾಗಿ ಪಕ್ಕಕ್ಕೆ ತಿರುಗಿಸಿದಾಗ ಬೀದಿದೀಪದ ಕಂಬವೊಂದರ ಮೇಲ್ಭಾಗ ಒಂದೆಡೆ, ಕೆಳಭಾಗ ಎರಡು ಬೆರಳು ಆಚೆ ಸರಿದಂತೆ ಕಂಡರೆ ಅದು ಈ ಎರಡನೆಯ ತೊಂದರೆ. ಬದಲಾಗುವ ರಿಫ್ರೆಶ್ ರೇಟ್, ಅಂದರೆ ವಿಆರ್‌ಆರ್, ಇದ್ದಾಗ ಪರದೆಯು ತನ್ನ ಗಡಿಯಾರವನ್ನು ಬಿಟ್ಟು ಕನ್ಸೋಲ್ ಫ್ರೇಮ್ ಕೊಡುವವರೆಗೆ ಕಾಯುತ್ತದೆ.

ಆದರೆ ಪೆಟ್ಟಿಗೆಯ ಮೇಲೆ ವಿಆರ್‌ಆರ್ ಎಂದು ಬರೆದ ಮಾತ್ರಕ್ಕೆ ಆ ಪರದೆ ನಿಮ್ಮ ಕನ್ಸೋಲ್‌ಗೆ ಹೊಂದುತ್ತದೆ ಎಂದು ಹೇಳಲಾಗದು. ಯಾವ ಬಗೆಯ ವಿಆರ್‌ಆರ್, ಯಾವ ಪೋರ್ಟಿನಲ್ಲಿ, ಎಷ್ಟು ಹರ್ಟ್ಜ್‌ನಿಂದ ಎಷ್ಟು ಹರ್ಟ್ಜ್‌ವರೆಗೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕ ಮೇಲಷ್ಟೇ ಹಣ ಕೊಡಬೇಕು.

ಕನ್ಸೋಲ್‌ಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು, 2017ರ ನವೆಂಬರ್‌ನಲ್ಲಿ ಪ್ರಕಟವಾದ, ಚಿತ್ರ ಮತ್ತು ಧ್ವನಿಯನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ ಜೋಡಣೆಯ 2.1 ಮಾನದಂಡದ ಭಾಗವಾಗಿರುವ ವಿಆರ್‌ಆರ್. ಇನ್ನೊಂದು, ಎಎಂಡಿ ಸಂಸ್ಥೆಯ ಫ್ರೀಸಿಂಕ್. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಎರಡನ್ನೂ ಒಪ್ಪುತ್ತವೆ. ಹಳೆಯ ಎಕ್ಸ್‌ಬಾಕ್ಸ್ ಒನ್ ಎಸ್ ಮತ್ತು ಒನ್ ಎಕ್ಸ್‌ಗಳಿಗೂ 2018ರಲ್ಲೇ ಫ್ರೀಸಿಂಕ್ ಬಂದಿತ್ತು. ಪಿಎಸ್5ಗೆ 2022ರ ಏಪ್ರಿಲ್‌ನಲ್ಲಿ ಬಂದದ್ದು ಮೊದಲನೆಯ ಬಗೆ ಮಾತ್ರ. ಆದ್ದರಿಂದ ಎಚ್‌ಡಿಎಂಐ 2.0 ಪೋರ್ಟು ಮತ್ತು ಫ್ರೀಸಿಂಕ್ ಇರುವ ಮಾನಿಟರು ಎಕ್ಸ್‌ಬಾಕ್ಸ್‌ನೊಂದಿಗೆ ಚೆನ್ನಾಗಿ ಕೆಲಸ ಮಾಡಿ, ಅದೇ ಮೇಜಿನ ಮೇಲಿರುವ ಪಿಎಸ್5ನೊಂದಿಗೆ ಏನೂ ಮಾಡದಿರುವುದು ಸಹಜ. ಅದು ಯಂತ್ರದ ದೋಷವಲ್ಲ. ಮಾನಿಟರು ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: ಕೆಲವು ಮಾನಿಟರುಗಳ ಫ್ರೀಸಿಂಕ್ ಅಥವಾ ಜಿ‑ಸಿಂಕ್ (ಎನ್‌ವಿಡಿಯಾ ಸಂಸ್ಥೆಯ ಇಂಥದೇ ವಿಧಾನ) ಕಂಪ್ಯೂಟರುಗಳಲ್ಲಿ ಕಾಣುವ ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಜೋಡಣೆಯಲ್ಲಷ್ಟೇ ನಡೆಯುತ್ತದೆ, ಮತ್ತು ಈ ಕನ್ಸೋಲ್‌ಗಳಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ಲ. 1440ಪಿ (ಫುಲ್ ಎಚ್‌ಡಿ ಮತ್ತು 4ಕೆ ನಡುವಿನ ರೆಸಲ್ಯೂಶನ್) ಮಾನಿಟರು ಇರುವವರು ಪಿಎಸ್5ನ ತಂತ್ರಾಂಶವನ್ನು ಹೊಸದಾಗಿಟ್ಟುಕೊಳ್ಳಲಿ, ಏಕೆಂದರೆ ಆ ರೆಸಲ್ಯೂಶನ್ 2022ರ ಸೆಪ್ಟೆಂಬರ್‌ನಲ್ಲಿ ಬಂದರೂ ಅದರಲ್ಲಿ ವಿಆರ್‌ಆರ್ ಸೇರಿದ್ದು 2023ರ ಮಾರ್ಚ್‌ನಲ್ಲಿ. 2025ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ನಿಂಟೆಂಡೊ ಸ್ವಿಚ್ 2 ತನ್ನದೇ ಪರದೆಯಲ್ಲಿ ವಿಆರ್‌ಆರ್ ಕೊಡುತ್ತದೆ; ಡಾಕ್‌ನಲ್ಲಿಟ್ಟು ಟಿವಿಗೆ ಜೋಡಿಸಿ ಆಡುವವರಿಗೆ ಆ ಸೌಲಭ್ಯವಿಲ್ಲದೆಯೇ ಅದು ಬಿಡುಗಡೆಯಾಯಿತು.

ಎಚ್‌ಡಿಎಂಐ 2.1 ಎಂಬ ಮುದ್ರೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಆ ಮಾನದಂಡದ ಬಹುತೇಕ ಸೌಲಭ್ಯಗಳು ಐಚ್ಛಿಕ. 4ಕೆ 120 ಹರ್ಟ್ಜ್ ಆಗಲಿ ವಿಆರ್‌ಆರ್ ಆಗಲಿ ಇಲ್ಲದ ಪೋರ್ಟಿಗೂ ಅದೇ ಹೆಸರು ಇರಬಹುದು. ಹಾಗೆಯೇ, 4ಕೆ ಪ್ಯಾನೆಲ್ ನಿಜವಾಗಿ 60 ಹರ್ಟ್ಜ್‌ನದ್ದೇ ಆಗಿದ್ದು, ಡಿಎಲ್‌ಜಿ ಎಂಬ ವಿಧಾನದಿಂದ ಲಂಬ ರೆಸಲ್ಯೂಶನ್ನನ್ನು ಅರ್ಧಕ್ಕಿಳಿಸಿ 120 ಹರ್ಟ್ಜ್ ತೋರಿಸುವ ಟಿವಿಗಳೂ ಇವೆ. ಅಂಗಡಿಯವರ ಮಾತಿಗಿಂತ ತಯಾರಕರ ಕೈಪಿಡಿಯಲ್ಲಿರುವ ಸಿಗ್ನಲ್ ಪಟ್ಟಿಯೇ ಇಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯ.

ವ್ಯಾಪ್ತಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಪಿಎಸ್5ನ ವಿಆರ್‌ಆರ್ 48ರಿಂದ 120 ಹರ್ಟ್ಜ್‌ವರೆಗೆ ನಡೆಯುತ್ತದೆ. ಆಟವು ಸೆಕೆಂಡಿಗೆ 48 ಫ್ರೇಮ್‌ಗಿಂತ ಕೆಳಗಿಳಿದರೆ ತಡವರಿಕೆ ಮರಳಿ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಫ್ರೇಮನ್ನು ಇಮ್ಮಡಿಸಿ ಕಳುಹಿಸುವುದು: 40 ಫ್ರೇಮ್‌ಗಳ ಆಟವನ್ನು 80 ಹರ್ಟ್ಜ್‌ನಲ್ಲಿ, ಪ್ರತಿ ಫ್ರೇಮನ್ನು ಎರಡೆರಡು ಬಾರಿ ತೋರಿಸಿದರೆ ಅದು ಮತ್ತೆ ವ್ಯಾಪ್ತಿಯೊಳಗೆ ಬೀಳುತ್ತದೆ. ಎಲ್‌ಎಫ್‌ಸಿ ಎನ್ನುವ ಈ ಕೆಲಸವನ್ನು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳು ತಾವೇ ಮಾಡುತ್ತವೆ. ಪಿಎಸ್5ನಲ್ಲಿ ಅದು ಆಯಾ ಆಟದ ತಯಾರಕರಿಗೆ ಬಿಟ್ಟದ್ದು. ಇಮ್ಮಡಿಸಲು ಪರದೆಯ ಗರಿಷ್ಠ ವೇಗ ಕನಿಷ್ಠ ವೇಗದ ಎರಡು ಪಟ್ಟಾದರೂ ಇರಬೇಕು. 48ರಿಂದ 60ರವರೆಗಿನ ಪರದೆಯಲ್ಲಿ ಅದು ಸಾಧ್ಯವಿಲ್ಲವಾದ್ದರಿಂದ, ವಿಆರ್‌ಆರ್‌ಗಾಗಿಯೇ ಹಣ ಹಾಕುವವರಿಗೆ 120 ಹರ್ಟ್ಜ್ ಪರದೆಗಿಂತ ಕಡಿಮೆಯದನ್ನು ನಾನು ಸೂಚಿಸುವುದಿಲ್ಲ.

ಜೋಡಿಸುವಾಗ ಮೊದಲು ಪೋರ್ಟನ್ನು ನೋಡಿ. ನಾಲ್ಕು ಎಚ್‌ಡಿಎಂಐ ಪೋರ್ಟುಗಳಿರುವ ಹಲವು ಟಿವಿಗಳಲ್ಲಿ ಎರಡರಲ್ಲಿ ಮಾತ್ರ 120 ಹರ್ಟ್ಜ್ ಬರುತ್ತದೆ, ಅವುಗಳಲ್ಲೊಂದು ಸೌಂಡ್‌ಬಾರ್‌ಗೆ ಬೇಕಾದ ಇಎಆರ್‌ಸಿ ಪೋರ್ಟೇ ಆಗಿರುತ್ತದೆ. ಕನ್ಸೋಲ್ ಅನ್ನು ಸೌಂಡ್‌ಬಾರ್ ಅಥವಾ ರಿಸೀವರ್ ಮೂಲಕ ಹಾಯಿಸದೆ ನೇರವಾಗಿ ಟಿವಿಗೇ ಕೊಡಿ, ಧ್ವನಿಯನ್ನು ಇಎಆರ್‌ಸಿಯಿಂದ ಹೊರಗೆ ತನ್ನಿ. ಕೇಬಲ್ ಕನ್ಸೋಲ್ ಜೊತೆಗೆ ಬಂದದ್ದೇ ಸಾಕು. ಬೇರೆ ಬೇಕಿದ್ದರೆ 48 ಗಿಗಾಬಿಟ್ ಸಾಮರ್ಥ್ಯದ, ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಲೇಬಲ್ ಇರುವ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಕೊಳ್ಳಿ.

ನಂತರ ಟಿವಿಯ ಸೆಟ್ಟಿಂಗ್, ಆಮೇಲೆ ಕನ್ಸೋಲಿನದು. ಈ ಕ್ರಮ ತಪ್ಪಿದರೆ ಕನ್ಸೋಲಿನ ಮೆನುವಿನಲ್ಲಿ ಆಯ್ಕೆಯೇ ಕಾಣದಿರಬಹುದು. ಸೋನಿ ಟಿವಿಗಳಲ್ಲಿ ಆ ಪೋರ್ಟಿನ ಸಿಗ್ನಲ್ ಫಾರ್ಮ್ಯಾಟ್‌ನಲ್ಲಿ ವಿಆರ್‌ಆರ್ ಇರುವ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್ ಆರಿಸಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್ ಮತ್ತು ಗೇಮ್ ಮೋಡ್, ಎಲ್‌ಜಿಯಲ್ಲಿ ಗೇಮ್ ಆಪ್ಟಿಮೈಜರ್ ಒಳಗಿನ ವಿಆರ್‌ಆರ್ ಆನ್ ಆಗಿರಬೇಕು. ಪಿಎಸ್5ನಲ್ಲಿ ಸೆಟ್ಟಿಂಗ್ಸ್, ಸ್ಕ್ರೀನ್ ಆ್ಯಂಡ್ ವಿಡಿಯೊ, ವಿಡಿಯೊ ಔಟ್‌ಪುಟ್ ಎಂಬ ದಾರಿಯಲ್ಲಿ ಹೋಗಿ ವಿಆರ್‌ಆರ್ ಮತ್ತು 120 ಹರ್ಟ್ಜ್ ಎರಡನ್ನೂ ಆಟೊಮ್ಯಾಟಿಕ್‌ಗೆ ಇಡಿ. ವಿಆರ್‌ಆರ್‌ಗೆಂದು ಸಿದ್ಧಪಡಿಸದ ಆಟಗಳಿಗೂ ಅದನ್ನು ಅನ್ವಯಿಸುವ ಆಯ್ಕೆ ಅಲ್ಲೇ ಇದೆ. ಅದು ಹಲವು ಆಟಗಳಲ್ಲಿ ಉಪಕಾರಿ, ಚಿತ್ರದಲ್ಲಿ ಏರುಪೇರು ಕಂಡ ಆಟಕ್ಕೆ ಮಾತ್ರ ತೆಗೆದುಬಿಡಿ. ಎಕ್ಸ್‌ಬಾಕ್ಸ್‌ನಲ್ಲಿ ಟಿವಿ ಮತ್ತು ಡಿಸ್‌ಪ್ಲೇ ಆಯ್ಕೆಗಳ ಒಳಗೆ, ವಿಡಿಯೊ ಮೋಡ್ಸ್‌ನಲ್ಲಿ ಇದು ಸಿಗುತ್ತದೆ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಆಟ ನಡೆಯುತ್ತಿರುವಾಗಲೇ ಟಿವಿಯ ಗೇಮ್ ಬಾರ್ ತೆರೆಯಿರಿ. ಗಿಜಿಗುಡುವ ದೃಶ್ಯವೊಂದರಲ್ಲಿ ಅಲ್ಲಿನ ಸಂಖ್ಯೆ 87, 93, 101 ಎಂದು ಅಲುಗಾಡುತ್ತಿದ್ದರೆ ವಿಆರ್‌ಆರ್ ನಡೆಯುತ್ತಿದೆ. ಏನಾದರೂ 120ರಲ್ಲೇ ನಿಂತಿದ್ದರೆ ಬಹುಶಃ ಇಲ್ಲ.

ಒಎಲ್‌ಇಡಿ ಮತ್ತು ವಿಎ ಪ್ಯಾನೆಲ್‌ಗಳಲ್ಲಿ ಫ್ರೇಮ್ ವೇಗ ಜಿಗಿದಾಗ ಕತ್ತಲ ದೃಶ್ಯಗಳು ಸಣ್ಣಗೆ ಮಿನುಗಬಹುದು. ಆಟದಲ್ಲಿ ಫ್ರೇಮ್ ಮಿತಿಯ ಆಯ್ಕೆ ಇದ್ದರೆ ಅದನ್ನು ಬಳಸಿದಾಗ ಮಿನುಗು ಬಹಳ ಮಟ್ಟಿಗೆ ತಗ್ಗುತ್ತದೆ. 60 ಫ್ರೇಮ್‌ಗೆ ಕದಲದೆ ನಿಲ್ಲುವ ಆಟಕ್ಕೆ ವಿಆರ್‌ಆರ್‌ನ ಅಗತ್ಯ ಕಡಿಮೆಯಾದ್ದರಿಂದ, ಅಲ್ಲಿ ಅದನ್ನು ಆಫ್ ಮಾಡಿಟ್ಟರೂ ನಷ್ಟವಿಲ್ಲ.

ಸೆಟ್ಟಿಂಗ್ ಬದಲಿಸಿದ ಮೇಲೆ ಪಿಎಸ್5ನ ಚಿತ್ರವೇ ಬಾರದೆ ಪರದೆ ಕಪ್ಪಾಗಿ ಉಳಿದರೆ ಗಾಬರಿ ಬೇಡ. ಕನ್ಸೋಲನ್ನು ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಒತ್ತಿ ಹಿಡಿದು, ಎರಡನೆಯ ಬೀಪ್ ಕೇಳಿದ ಮೇಲೆ ಬಿಡಿ. ಸೇಫ್ ಮೋಡ್ ತೆರೆದಾಗ ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ವಿಡಿಯೊ ಔಟ್‌ಪುಟ್ ಬದಲಿಸುವ ಆಯ್ಕೆಯಿಂದ ರೆಸಲ್ಯೂಶನ್ನನ್ನು ಮೊದಲಿನಿಂದ ಹೊಂದಿಸಿಕೊಳ್ಳಿ.