ಸಿಪಿಯು ಮೇಲೆ ಬರೆದ ತಾರೀಖು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ಗೊಬ್ಬರದ ಅಂಗಡಿಗಳಲ್ಲಿ ಹಳೇ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. 2 ಅಥವಾ 4 ಜಿಬಿ ರ್‍ಯಾಮ್ ಇರುವಂಥವು. ಅವಕ್ಕೆ ನಾನು ಹಾಕುವುದು ಲುಬುಂಟು; ವಿಂಡೋಸ್ ಬದಲಿಗೆ ಬಳಸುವ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಹಗುರ ರೂಪ.

2018ರಲ್ಲಿ ಒಂದು ಗಿರಣಿಗೆ ಅದರ 18.04 ಆವೃತ್ತಿ ಹಾಕಿ, "ಐದು ವರ್ಷ ಚಿಂತಿ ಇಲ್ರೀ ಸಾವ್ಕಾರ್ರೆ" ಅಂದಿದ್ದೆ. ಲೆಕ್ಕ ತಪ್ಪಿತ್ತು. ಐದು ವರ್ಷ ಸಪೋರ್ಟ್ ಇರುವುದು ಉಬುಂಟುವಿನ ಎಲ್‌ಟಿಎಸ್‌ಗೆ, ಅಂದರೆ ದೀರ್ಘಕಾಲ ದುರಸ್ತಿ ಸಿಗುವ ಆವೃತ್ತಿಗೆ. ಅದೇ ಎಲ್‌ಟಿಎಸ್ ಮೇಲೆ ಕಟ್ಟಿದ ಲುಬುಂಟುಗೆ ಮೂರೇ ವರ್ಷ. 2021ರ ಏಪ್ರಿಲ್‌ಗೆ ಮುಗಿದಿತ್ತು. ಆಮೇಲೂ ಅಪ್ಡೇಟ್ ಬರುತ್ತಲೇ ಇದ್ದುದರಿಂದ ನನಗೆ ಸುಳಿವೇ ಸಿಗಲಿಲ್ಲ. ಕರ್ನಲ್‌ನಂಥ ತಳಪಾಯ ಉಬುಂಟುವಿನದು, ಅದಕ್ಕಿನ್ನೂ ಎರಡು ವರ್ಷ ಬಾಕಿ ಇತ್ತು. ನಿಂತದ್ದು ಮೇಲಿನ ಡೆಸ್ಕ್‌ಟಾಪ್‌ನ ದುರಸ್ತಿ. ಅಪ್ಡೇಟ್ ಬರುತ್ತಿದೆ ಎಂದರೆ ಸಪೋರ್ಟ್ ಇದೆ ಎಂದು ನಂಬಬೇಡಿ.

ಗಡಿಬಿಡಿಯಲ್ಲಿ ಅಲ್ಲಿಂದಲೇ 20.04ಕ್ಕೆ ಏರಿಸಲು ಹೋದೆ. ಮೆನು, ಪ್ಯಾನೆಲ್ ಎಲ್ಲ ಕಲಸಿಹೋಯಿತು. 18.10ರಿಂದಲೇ ಎಲ್‌ಎಕ್ಸ್‌ಡಿಇ ಎಂಬ ಡೆಸ್ಕ್‌ಟಾಪ್ ಬಿಟ್ಟು ಎಲ್‌ಎಕ್ಸ್‌ಕ್ಯೂಟಿ ಎಂಬ ಬೇರೆಯದನ್ನು ತಂದಿದ್ದರು. ಹಳೆಯದರ ಮೇಲೆ ಏರಿಸಬೇಡಿ, ಹೊಸದಾಗಿ ಹಾಕಿಕೊಳ್ಳಿ ಎಂದು ಲುಬುಂಟು ತಂಡದವರು ಹೇಳಿದ್ದನ್ನು ನಾನು ಓದಿರಲಿಲ್ಲ. ಬಿಲ್ಲಿನ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದು, ರಾತ್ರಿ ಕೂತು ಹೊಸದಾಗಿ ಹಾಕಿದೆ. ಅಲ್ಲಿನ ಹಳೇ ಬಗೆಯ 32 ಬಿಟ್ ಯಂತ್ರಕ್ಕೆ 18.04ರ ನಂತರದ ಎಲ್‌ಟಿಎಸ್ ಇರಲೇ ಇಲ್ಲ, ಡೆಬಿಯನ್ ಎಂಬ ಇನ್ನೊಂದು ಉಚಿತ ಸಿಸ್ಟಮ್ ಹಾಕಿದೆ.

ಅವತ್ತಿನಿಂದ ಒಂದು ವಹಿ ಇಟ್ಟಿದ್ದೇನೆ: ಗಿರಣಿ, ಯಂತ್ರ, ಆವೃತ್ತಿ, ಮುಗಿಯುವ ತಿಂಗಳು. ಲೆಕ್ಕ ಸುಲಭ. 22.04 ಎಂದರೆ 2022ರ ಏಪ್ರಿಲ್; ಮೂರು ಕೂಡಿಸಿದರೆ 2025ರ ಏಪ್ರಿಲ್. ಎಲ್‌ಟಿಎಸ್ ಅಲ್ಲದ್ದಕ್ಕೆ ಒಂಬತ್ತೇ ತಿಂಗಳು, ಅದನ್ನು ಗಿರಾಕಿಗಳಿಗೆ ಹಾಕುವುದೇ ಇಲ್ಲ. ಮುಗಿಯುವ ತಿಂಗಳನ್ನು ಟೇಪಿನ ಮೇಲೆ ಬರೆದು ಸಿಪಿಯುಗೂ ಅಂಟಿಸುತ್ತೇನೆ.

ತಾರೀಖು ಗೊತ್ತಾದರೆ ಸಾಲದು, ಏರಿಸುವ ಹೊತ್ತೂ ಕೂಡಿಬರಬೇಕು. ಒಂದು ಎಲ್‌ಟಿಎಸ್‌ನಿಂದ ಮುಂದಿನದಕ್ಕೆ ಏರುವ ಸೂಚನೆ ಬರುವುದು ಆ ಹೊಸದರ ಮೊದಲ ಪರಿಷ್ಕರಣೆಯ ನಂತರ. ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ 2024ರ ಆಗಸ್ಟ್ ನೆನಪಿದೆಯಲ್ಲ, 24.04ರ ಆ ಪರಿಷ್ಕರಣೆ 24.04.1 ಬಂದದ್ದು ಅದೇ ತಿಂಗಳ ಕೊನೆಗೆ. ಅಲ್ಲಿಂದ 2025ರ ಏಪ್ರಿಲ್‌ವರೆಗೆ ನನಗೆ ಎಂಟು ತಿಂಗಳು ಸಿಕ್ಕಿತ್ತು. ಆದರೆ ನವೆಂಬರ್‌ನಿಂದ ಗಿರಣಿಯಲ್ಲಿ ಭತ್ತದ ಲಾರಿಗಳ ಸಾಲು, ಏಪ್ರಿಲ್‌ನಲ್ಲಿ ಎರಡನೇ ಬೆಳೆ. ಕಂಪ್ಯೂಟರ್ ಅರ್ಧ ದಿನವೂ ಬಿಡುವಾಗುವುದಿಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದವರು ಗಿರಣಿಯ ಗುಮಾಸ್ತರು. ಟೇಪಿನ ಮೇಲಿನ ಏಪ್ರಿಲ್ ಓದಿ, "ಅಣ್ಣಾ, ಆವಾಗ ಸುಗ್ಗಿ ಇರತೈತಿ. ದಸರಾದಾಗ ಬಂದು ಮುಗಿಸ್ರಿ" ಅಂದರು. ಈಗ ವಹಿಯಲ್ಲಿ ಮುಗಿಯುವ ತಿಂಗಳ ಪಕ್ಕದಲ್ಲಿ ಅದಕ್ಕೂ ಹಿಂದಿನ ದಸರಾ ಬರೆದಿರುತ್ತೇನೆ.