ಗರ್ಭಕೋಶ ಜಾರಿದಾಗ ಫಿಸಿಯೋಥೆರಪಿ: ನನ್ನ ಅನುಭವ

ಬೆಳಿಗ್ಗೆ ಎದ್ದಾಗ ಏನೂ ಇರುತ್ತಿರಲಿಲ್ಲ. ಸಂಜೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮುಂಬೈ ಬಳಿಯ ಡೊಂಬಿವಲಿ ತಲುಪುವಷ್ಟರಲ್ಲಿ ಕೆಳಗೆ ಗಡ್ಡೆಯೊಂದು ಜಾರಿ ಬಂದಂತಹ ಭಾರ. ಸ್ತ್ರೀರೋಗ ತಜ್ಞೆ ಪರೀಕ್ಷಿಸಿ, ಗರ್ಭಕೋಶ ಎರಡನೇ ಹಂತದಷ್ಟು ಇಳಿದಿದೆ, ಮೂತ್ರಕೋಶವೂ ತುಸು ಜಾರಿದೆ ಎಂದರು. ಹೆರಿಗೆಗಳು, ಹಳೆಯ ಮಲಬದ್ಧತೆ, ಮುಟ್ಟು ನಿಂತದ್ದು ಎಲ್ಲವೂ ಸೇರಿ ಆದದ್ದು. ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ, ಮೊದಲು ಫಿಸಿಯೋಥೆರಪಿ ಮಾಡಿ ನೋಡಿ ಎಂದು ಕಳುಹಿಸಿದರು.

ಫಿಸಿಯೋಥೆರಪಿಸ್ಟ್ ಹುಬ್ಬಳ್ಳಿ ಕಡೆಯ ಹುಡುಗಿ. ನನ್ನ ಒಪ್ಪಿಗೆ ಪಡೆದು, ಕೈಗವಸು ತೊಟ್ಟು ಒಳಗಿನಿಂದಲೇ ಪರೀಕ್ಷಿಸಿದಳು. ಇನ್ನೊಂದು ಕೈ ನನ್ನ ಹೊಟ್ಟೆಯ ಮೇಲಿತ್ತು. "ಗಾಳಿ ತಡೆಯುವ ಹಾಗೆ ಹಿಂದಿನಿಂದ ಬಿಗಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಿ ಅಕ್ಕಾ. ಹೊಟ್ಟೆ, ತೊಡೆ ಗಟ್ಟಿಯಾಗಬಾರದು, ಉಸಿರು ಕಟ್ಟಬಾರದು." ಎಂಟರಿಂದ ಹತ್ತು ಸೆಕೆಂಡ್ ಹಿಡಿಯುವುದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು. ಈ ಸಡಿಲ ಬಿಡುವುದನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಸದಾ ಬಿಗಿದೇ ಇರುವ ಸ್ನಾಯುವಿಗೆ ಬಲ ಬರುವುದಿಲ್ಲ. ಮೊದಲು ಮಲಗಿ, ಆಮೇಲೆ ಕುಳಿತು, ಕೊನೆಗೆ ನಿಂತು ಮಾಡಿದೆ. ಫಲ ಕಾಣಲು ಮೂರು ತಿಂಗಳಾದರೂ ಬೇಕೆಂದು ಮೊದಲೇ ಹೇಳಿದ್ದಳು.

ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಹೀಗೆ ಬಿಗಿದು ಬಿಡುವ ಕೆಗೆಲ್ ವ್ಯಾಯಾಮದ ಹೆಸರು ಈಗ ಎಲ್ಲರಿಗೂ ಗೊತ್ತು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಅದರ ಬಗ್ಗೆ ಬರೆದಿದ್ದರು. ಆದರೆ ನನಗೆ ಹೆಚ್ಚು ನೆರವಾದದ್ದು ದಿನದ ಕೆಲಸದೊಳಗೆ ಅದನ್ನು ಬಳಸುವ ಕ್ರಮ. ಕೆಮ್ಮು, ಸೀನು ಬರುವ ಮುನ್ನವೇ ಬಿಗಿ ಹಿಡಿಯುತ್ತೇನೆ. ಬೆಳಿಗ್ಗೆ ನೀರು ಬಂದಾಗ ಬಕೆಟ್ ಅರ್ಧವೇ ತುಂಬಿಸಿ, ಮೈಗೆ ಹತ್ತಿರ ತಂದು, ಬಿಗಿ ಹಿಡಿದು, ಉಸಿರು ಬಿಡುತ್ತಾ ಎತ್ತುತ್ತೇನೆ. ಕಮೋಡಿನಲ್ಲಿ ಕಾಲಡಿಗೆ ಸಣ್ಣ ಸ್ಟೂಲ್ ಇಟ್ಟು ಮುಂದಕ್ಕೆ ಬಾಗಿ ಕೂರುತ್ತೇನೆ, ತಿಣುಕುವುದು ನಿಂತಿದೆ. ಮಲಬದ್ಧತೆಯನ್ನು ಹಾಗೇ ಬಿಟ್ಟು ವ್ಯಾಯಾಮವನ್ನಷ್ಟೇ ಮಾಡಿದ್ದರೆ ಶ್ರಮವೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ಗರ್ಭಕೋಶ ಮೊದಲಿನ ಜಾಗಕ್ಕೆ ಮರಳಿದೆ ಎನ್ನಲಾರೆ. ಗರ್ಭಕೋಶವನ್ನು ಹಿಡಿದಿಡುವ, ಈಗ ಸಡಿಲಗೊಂಡ ಅಸ್ಥಿರಜ್ಜುಗಳನ್ನು ವ್ಯಾಯಾಮ ಸರಿಪಡಿಸುವುದಿಲ್ಲ. ಕೆಳಗಿನಿಂದ ಆಸರೆ ಕೊಡುತ್ತದೆ. ಸಂಜೆಯ ಭಾರ ಬಹಳಷ್ಟು ಇಳಿದಿದೆ, ಕೆಮ್ಮಿದರೆ ಮೂತ್ರ ಸೋರುವುದಿಲ್ಲ. ನನಗೆ ಅಷ್ಟು ಸಾಕು.

ನಮ್ಮ ಅತ್ತೆಗೆ ಇದು ಇನ್ನೂ ಮುಂದುವರಿದಿತ್ತು. ವರ್ಷಗಟ್ಟಲೆ ಬಟ್ಟೆ ಬಿಗಿದು ಕಟ್ಟಿಕೊಂಡು ಸಂಸಾರ ಮಾಡಿದರು, ಯಾರಿಗೂ ಹೇಳಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ನನ್ನ ಜೊತೆ ಬಂದು ತೋರಿಸಿಕೊಂಡ ಮೇಲೆ ವೈದ್ಯರು ಒಳಗೆ ರಿಂಗ್ ಪೆಸರಿ, ಅಂದರೆ ಗರ್ಭಕೋಶಕ್ಕೆ ಆಸರೆ ಕೊಡುವ ಬಳೆಯಂಥ ಸಾಧನ, ಕೂರಿಸಿದರು. ಈಗ ಅದರ ತಪಾಸಣೆಗೆ ಅವರೇ ದಿನ ನೆನಪಿಟ್ಟು ನನ್ನನ್ನು ಹೊರಡಿಸುತ್ತಾರೆ.