ಲೆಕ್ಕ ಇರೋದು ಕೊನೆಯ 90 ಪ್ರತಿಯಲ್ಲಿ

ಹಾಸನದಲ್ಲಿ ಚಿಕ್ಕದೊಂದು ಪ್ರಕಾಶನ ನಡೆಸುತ್ತೇನೆ. ನಮ್ಮದೊಂದು ಕಥಾಸಂಕಲನ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಅದರ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡತೊಡಗಿತು. ಯಾರೋ ಫೋನಲ್ಲೇ ಸ್ಕ್ಯಾನ್ ಮಾಡಿದ್ದರು. ಅಂಚಿನಲ್ಲಿ ಹೆಬ್ಬೆರಳು ಕಾಣುತ್ತಿತ್ತು. ಹಕ್ಕುಸ್ವಾಮ್ಯದ ವಿವರ ಇದ್ದ ಪುಟವೊಂದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದರು!

‘ಡೌನ್‌ಲೋಡ್ ಮಾಡೋರು ಹೇಗೂ ಕೊಳ್ಳುತ್ತಿರಲಿಲ್ಲ’ ಅನ್ನುತ್ತಾರೆ. ಬಹುಪಾಲು ನಿಜವೇ. ಆದರೆ ನಮ್ಮ ಲೆಕ್ಕ ನೋಡಿ. ಮುದ್ರಿಸಿದ್ದು 500 ಪ್ರತಿ, ಬೆಲೆ 200 ರೂಪಾಯಿ. ಅಂಗಡಿಯವರ ಕಮಿಷನ್ ಶೇ. 35 ಹೋದರೆ 130. ಲೇಖಕರಿಗೆ ಶೇ. 10, ಅಂದರೆ 20 ಕೊಟ್ಟರೆ ಕೈಗೆ ಬರೋದು 110. ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ, ಮುದ್ರಣ ಎಲ್ಲ ಸೇರಿ ಹಾಕಿದ್ದು 45,000. ಅಸಲು ಹುಟ್ಟಬೇಕಾದರೆ 410 ಪ್ರತಿ ಹೋಗಬೇಕು. ಉಳಿದ 90 ಪ್ರತಿಯಲ್ಲೇ ನಮ್ಮ ಲಾಭ, ಮುಂದಿನ ಪುಸ್ತಕದ ಮುಂಗಡ. ಸಾವಿರ ಜನ ಡೌನ್‌ಲೋಡ್ ಮಾಡಿ, ಅದರಲ್ಲಿ ಕೊಳ್ಳಬಹುದಾಗಿದ್ದ 90 ಜನ ಸುಮ್ಮನಾದರೂ ಸಾಕು, ನಮ್ಮ ಕತೆ ಮುಗೀತು. ಸರ್ಕಾರದ ಗ್ರಂಥಾಲಯ ಸಗಟು ಖರೀದಿಗೆ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ ನಿಜ. ಅದನ್ನೇ ನೆಚ್ಚಿಕೊಂಡು ಮುದ್ರಿಸೋಕಾಗುತ್ತಾ?

ವಕೀಲ ಗೆಳೆಯರು ನೋಟಿಸ್ ಕೊಡೋಣ ಅಂದರು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ. ಹತ್ತು ಸಾವಿರದ ಲಾಭಕ್ಕೆ ಕೋರ್ಟಿಗೆ ಅಲೆಯುವುದು ನನಗೆ ಬೇಡವಾಗಿತ್ತು. ಗುಂಪಿನ ಅಡ್ಮಿನ್‌ಗೇ ಫೋನ್ ಮಾಡಿದೆ. ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರು.

‘ನಾವೇನು ದುಡ್ಡಿಗೆ ಮಾರ್ತಿಲ್ವಲ್ಲ ಸಾರ್. ನಿಮ್ಮ ಪುಸ್ತಕ ನಮ್ಮೂರಲ್ಲಿ ಎಲ್ಲಿ ಸಿಗುತ್ತೆ ಹೇಳಿ?’ ಅಂದರು.

ಮೊದಲನೆಯ ಮಾತು ನಾನು ಒಪ್ಪಲಿಲ್ಲ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 90 ಪ್ರತಿಯ ಲೆಕ್ಕ ಬರೆದು ಕಳಿಸಿದೆ. ಅವರು ಫೈಲ್ ತೆಗೆದರು. ಬೇರೆ ಗುಂಪುಗಳಲ್ಲಿ ಅದು ಈಗಲೂ ಓಡಾಡುತ್ತಿದೆ, ಬಿಡಿ. ‘ಹಾಗಾದರೆ ಯಾವುದನ್ನು ಹಂಚಬಹುದು?’ ಅಂತ ಮೇಷ್ಟ್ರೇ ಕೇಳಿದರು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ ಅಂದೆ. ನಮ್ಮ ಗೊರೂರರು ತೀರಿಕೊಂಡಿದ್ದು 1991ರಲ್ಲಿ, ಹಾಗಾಗಿ 2051 ಮುಗಿಯಬೇಕು. ಮೂಡಿಗೆರೆಯ ತೇಜಸ್ವಿಯವರದು 2067ರವರೆಗೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀ ಅವರದನ್ನು ಧಾರಾಳವಾಗಿ ಹಂಚಿ ಅಂದೆ.

ಈಗ ಅಚ್ಚಿನ ಪ್ರತಿ ಬರುವ ದಿನವೇ ಇ-ಪುಸ್ತಕವನ್ನೂ ಬಿಡುತ್ತೇವೆ. ಮೊದಲ ಕತೆಯ ಪಿಡಿಎಫ್ ನಾವೇ ಪುಕ್ಕಟೆ ಕೊಡುತ್ತೇವೆ, ಕೊನೆಯ ಪುಟದಲ್ಲಿ ಕೊಳ್ಳುವ ಕೊಂಡಿ ಇಟ್ಟು. ಹೇಳಿದಷ್ಟು ಸಲೀಸಲ್ಲ ಇದು. ಡಿಟಿಪಿ ಆಗೋದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಇ-ಪುಸ್ತಕಕ್ಕೆ ಎಲ್ಲ ಫೋನಲ್ಲೂ ಕಾಣುವ ಯೂನಿಕೋಡ್ ಅಕ್ಷರ ಬೇಕು. ಬದಲಿಸುವಾಗ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ. ಮತ್ತೆ ಪೂರ್ತಿ ಕರಡು ಓದಬೇಕು.

ಬೆಲೆಯದೇ ಇನ್ನೂ ಜಗ್ಗಾಟ. ಲೇಖಕರು 120 ಇಡಿ ಅನ್ನುತ್ತಾರೆ. ನಾನು 80 ಸಾಕು ಅನ್ನುತ್ತೇನೆ. ಅದರಲ್ಲಿ ಶೇ. 25 ಕೊಟ್ಟರೆ ಅವರಿಗೆ ಅಚ್ಚಿನ ಪ್ರತಿಯಷ್ಟೇ, 20 ರೂಪಾಯಿ ಸಿಗುತ್ತದಲ್ವಾ?